ಹೊಗೆ ತಾನಾಗಿಯೇ ಮೇಲೇರುತ್ತದೆಯೇ? ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಒಲೆಯ ಕಥೆ

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ನಮಗೆ ನೆನಪಾಗುವುದು ಗಾಳಿಪಟ ಮತ್ತು ಸಿಡಿಲು. ಆದರೆ ಇದೇ ಫ್ರಾಂಕ್ಲಿನ್ ದಶಕಗಟ್ಟಲೆ ತಲೆಕೆಡಿಸಿಕೊಂಡ ಇನ್ನೊಂದು ವಿಷಯವಿದೆ. ಅದು ಮನೆಯೊಳಗೆ ತುಂಬುವ ಹೊಗೆ. ಹೊಗೆ ಹಗುರ, ಚಿಮಣಿ ಇಟ್ಟರೆ ತಾನಾಗಿಯೇ ಮೇಲೆ ಹೋಗುತ್ತದೆ ಎಂದು ಇಂದಿಗೂ ಹಲವರು ನಂಬಿದ್ದಾರೆ. ಇದು ನಿಜವೇ?

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ತಂದೆ ಸೋಪು, ಮೇಣದಬತ್ತಿ ತಯಾರಿಸುತ್ತಿದ್ದರು. ಶಾಲೆ ಬಿಟ್ಟ ಹುಡುಗ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿತು, 17ನೇ ವಯಸ್ಸಿನಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದ. ಅಲ್ಲಿ ಬೆಂಕಿ ಅನಾಹುತಗಳನ್ನು ಕಂಡು 1736ರಲ್ಲಿ ಸ್ವಯಂಸೇವಕರ ಅಗ್ನಿಶಾಮಕ ತಂಡ ಕಟ್ಟಿದವರಲ್ಲಿ ಅವರೂ ಒಬ್ಬರು.

ಆಗ ಮನೆಗಳಲ್ಲಿದ್ದದ್ದು ಗೋಡೆಯೊಳಗಿನ ತೆರೆದ ಅಗ್ಗಿಷ್ಟಿಕೆ. ಅದರ ಹೆಚ್ಚಿನ ಶಾಖ ಚಿಮಣಿಯಲ್ಲೇ ಹೋಗಿಬಿಡುತ್ತಿತ್ತು, ಸೌದೆಯೂ ದುಬಾರಿಯಾಗುತ್ತಿತ್ತು. 1740ರ ದಶಕದ ಆರಂಭದಲ್ಲಿ ಫ್ರಾಂಕ್ಲಿನ್ ಕಬ್ಬಿಣದ ಹಲಗೆಗಳ ಹೊಸ ಒಲೆ ರೂಪಿಸಿದರು. ಇದರಲ್ಲಿ ಹೊಗೆ ಮೊದಲು ಮೇಲೇರಿ, ಹಿಂಬದಿಯಲ್ಲಿ ಕೆಳಗಿಳಿದು, ಆಮೇಲೆ ಚಿಮಣಿ ಸೇರಬೇಕಿತ್ತು. ದಾರಿಯುದ್ದಕ್ಕೂ ಅದರ ಶಾಖ ಕೋಣೆಗೆ ಸಿಗಲಿ ಎಂಬುದು ಲೆಕ್ಕಾಚಾರ. ಅಲ್ಲಿನ ಗವರ್ನರ್ ಪೇಟೆಂಟ್ ಕೊಡಲು ಮುಂದಾದರೂ ಫ್ರಾಂಕ್ಲಿನ್ ಬೇಡವೆಂದರು.

ಆದರೆ ಒಲೆಯಲ್ಲೊಂದು ತೊಂದರೆಯಿತ್ತು. ಬೆಂಕಿ ಸಣ್ಣದಾಗಿ ಕೊಳವೆ ತಣ್ಣಗಾದರೆ ಹೊಗೆಗೆ ಆ ಸುತ್ತುದಾರಿ ಹಿಡಿಯುವ ಬಲವಿರುತ್ತಿರಲಿಲ್ಲ, ಅದು ಕೋಣೆಗೇ ವಾಪಸ್ ಬರುತ್ತಿತ್ತು. ಮುಂದೆ ಬಂದವರು ಆ ಸುತ್ತುದಾರಿಯನ್ನು ಕೈಬಿಟ್ಟರು. ‘ಫ್ರಾಂಕ್ಲಿನ್ ಒಲೆ’ ಎಂದು ಮಾರಾಟವಾದ ಎಷ್ಟೋ ಒಲೆಗಳಲ್ಲಿ ಫ್ರಾಂಕ್ಲಿನ್ ಅವರ ಮುಖ್ಯ ಉಪಾಯವೇ ಇರಲಿಲ್ಲ!

ಅವರು ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 1785ರಲ್ಲಿ, 79ನೇ ವಯಸ್ಸಿನಲ್ಲಿ, ಫ್ರಾನ್ಸ್‌ನಿಂದ ಊರಿಗೆ ಮರಳುವ ಹಡಗಿನಲ್ಲೇ ಕುಳಿತು ಚಿಮಣಿಗಳ ಬಗ್ಗೆ ದೀರ್ಘ ಪತ್ರ ಬರೆದರು. ಹೊಗೆಗೆ ಮೇಲೇರುವ ಸ್ವಂತ ಗುಣವಿಲ್ಲ, ಬಿಸಿಯಾಗಿ ಹಗುರಾದ ಗಾಳಿ ಅದನ್ನು ಹೊತ್ತೊಯ್ಯುತ್ತದೆ ಎಂದು ಅದರಲ್ಲಿ ವಿವರಿಸಿದರು. ಮನೆಯೊಳಗೆ ಹೊಗೆ ತುಂಬಲು ಒಂಬತ್ತು ಕಾರಣ ಪಟ್ಟಿ ಮಾಡಿದರು. ಮೊದಲನೆಯದು, ಸಂದಿಯಿಲ್ಲದಂತೆ ಬಿಗಿಯಾಗಿ ಕಟ್ಟಿದ ಹೊಸ ಮನೆ. ಹೊರಗಿನ ಗಾಳಿ ಒಳಗೆ ಬರದಿದ್ದರೆ ಒಳಗಿನದು ಮೇಲೆ ಹೋಗುವುದಾದರೂ ಹೇಗೆ? ಪರೀಕ್ಷೆಯನ್ನೂ ಅವರೇ ಹೇಳಿದರು: ಬಾಗಿಲು ಮುಚ್ಚಿ ಬೆಂಕಿ ಹಾಕಿ, ಹೊಗೆ ನಿಲ್ಲುವವರೆಗೆ ಬಾಗಿಲನ್ನು ಸ್ವಲ್ಪಸ್ವಲ್ಪವೇ ತೆರೆಯಿರಿ. 8 ಅಡಿ ಎತ್ತರದ ಬಾಗಿಲು ಅರ್ಧ ಇಂಚು ತೆರೆಯಬೇಕಾದರೆ, ಆ ಕೋಣೆಗೆ ಬೇಕಾದ ಗಾಳಿಕಿಂಡಿ 48 ಚದರ ಇಂಚು.

1790ರಲ್ಲಿ ಫ್ರಾಂಕ್ಲಿನ್ ತೀರಿಕೊಂಡರು. ಅವರ ಲೆಕ್ಕ ಇಂದು ಅಮೆರಿಕದ ಮೊಬೈಲ್ ಹೋಮ್‌ಗಳಲ್ಲಿ, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ಸಾಗಿಸುವ ಪುಟ್ಟ ಮನೆಗಳಲ್ಲಿ, ಜೀವ ಉಳಿಸುವ ವಿಷಯ. ಅವು ಚಿಕ್ಕವು, ಬಿಗಿಯಾದವು. ಆದ್ದರಿಂದ ಅಲ್ಲಿನ ನಿಯಮದಂತೆ ಇಂಥ ಮನೆಗೆಂದೇ ಮಾನ್ಯತೆ ಪಡೆದ ಸೌದೆ ಒಲೆಯನ್ನು ಮಾತ್ರ ಹಾಕಬೇಕು. ಉರಿಯಲು ಬೇಕಾದ ಗಾಳಿ ಹೊರಗಿನಿಂದ ನೇರವಾಗಿ ಒಲೆಗೆ ಬರಬೇಕು. ಮಲಗುವ ಕೋಣೆಯಲ್ಲಿ ಒಲೆ ಇಡುವಂತಿಲ್ಲ. ಚಿಮಣಿ ಸೂರಿನಿಂದ ಕನಿಷ್ಠ 3 ಅಡಿ ಮೇಲಿರಬೇಕು, 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಬೇಕು.

ಇಷ್ಟಾದರೂ ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಕ್ರಿಯೋಸೋಟ್ ಎಂಬ ಜಿಗುಟು ಮಸಿ ಕಟ್ಟುತ್ತದೆ, ಅದಕ್ಕೆ ಬೆಂಕಿ ಹತ್ತಬಹುದು. ಹಾಗಾಗಿ ಒಣ ಸೌದೆಯನ್ನೇ ಬಳಸಬೇಕು, ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷಿಸಿ ಮಸಿ ತೆಗೆಸಬೇಕು.

ಒಂದು ಅಪಾಯ ಮಾತ್ರ ಫ್ರಾಂಕ್ಲಿನ್ ಪರೀಕ್ಷೆಗೆ ಸಿಗುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಹೊಗೆ ಇಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಒಲೆಯಿರುವ ಮನೆಗೆ ಇದನ್ನು ಪತ್ತೆಹಚ್ಚುವ ಅಲಾರಂ ಬೇಕೇ ಬೇಕು. ನಮ್ಮಲ್ಲೂ ಚಳಿಯೆಂದು ಕೆಂಡದ ಬಾಣಲೆ ಇಟ್ಟುಕೊಂಡು, ಕಿಟಕಿ ಬಾಗಿಲು ಮುಚ್ಚಿ ಮಲಗುವವರಿದ್ದಾರೆ. ಹಾಗೆ ಮಲಗಿದವರು ಬೆಳಗ್ಗೆ ಏಳದೇ ಇರಬಹುದು. ಈ ಮಾತನ್ನು ಅಂಥವರಿಗೆ ತಪ್ಪದೆ ತಿಳಿಸಿ.