ಶ್ರೀ ವಿಷ್ಣುತೀರ್ಥರೂ ಸುಬ್ರಹ್ಮಣ್ಯದ ಮಠವೂ

13ನೆಯ ಶತಮಾನದಲ್ಲಿ ಡೊಮಿನಿಕ್ ಸಂತನ ಅನುಯಾಯಿಗಳು ಯೂರೋಪಿನ ನಗರಗಳಲ್ಲಿ ಮಠಗಳನ್ನು ಕಟ್ಟುತ್ತಿದ್ದರು. ಅದೇ ಕಾಲದಲ್ಲಿ ನಮ್ಮ ತುಳುನಾಡಿನಲ್ಲಿಯೂ ಸನ್ಯಾಸಿಗಳ ಮಠಗಳು ಹುಟ್ಟಿದುವು. ಅವುಗಳಲ್ಲೊಂದು ಇಂದಿನ ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿದೆ. ಅದರ ಮೂಲಪುರುಷರು ಶ್ರೀ ಮಧ್ವಾಚಾರ್ಯರ ಒಡಹುಟ್ಟಿದ ತಮ್ಮ, ವಿಷ್ಣುತೀರ್ಥರು.

ಉಡುಪಿಯ ಸಮೀಪದ ಪಾಜಕವು ಇವರ ಊರು. ಮನೆಗೆ ಇನ್ನೊಬ್ಬ ಮಗನು ಹುಟ್ಟುವ ತನಕ ಮಧ್ವರ ಸನ್ಯಾಸಕ್ಕೆ ತಾಯ್ತಂದೆಗಳ ಒಪ್ಪಿಗೆ ದೊರೆಯಲಿಲ್ಲ. ಹೀಗೆ ಹುಟ್ಟಿದ ತಮ್ಮನ ಮೇಲೆಯೇ ಮನೆಯ ಹೊಣೆ ಬಿದ್ದಿತು. ವೃದ್ಧರಿಬ್ಬರೂ ಗತಿಸಿದ ತರುವಾಯವೇ ಅವರು ಅಣ್ಣನಿಂದ ದೀಕ್ಷೆ ಪಡೆದರು. ಆ ಕಾಯುವಿಕೆಯನ್ನು ನಾವು ಅವರ ತಪಸ್ಸಿನ ಮೊದಲ ಭಾಗವೆಂದೇ ಎಣಿಸುತ್ತೇವೆ. ಬಳಿಕ ಅವರು ಬೆಟ್ಟವನ್ನೇರಿ, ಉದುರಿದ ಬಿಲ್ವಪತ್ರೆ ಮತ್ತು ನೀರುಗಳಿಂದಲೇ ಜೀವಿಸುತ್ತ ಕಠಿನ ವ್ರತವನ್ನಾಚರಿಸಿದರೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಿಂದ ತಿಳಿದುಬರುತ್ತದೆ. ಶಿಷ್ಯ ಅನಿರುದ್ಧರು ಬೇಡಿಕೊಂಡು ಕರೆತರದಿದ್ದರೆ ಮಠದ ಗತಿ ಏನಾಗುತ್ತಿತ್ತೋ! ಸುಬ್ರಹ್ಮಣ್ಯದ ಪೀಠವು ಮುಂದೆ ಆ ಅನಿರುದ್ಧತೀರ್ಥರಿಗೇ ಬಂದಿತು. ಪರಂಪರೆಯು ಇಂದಿಗೂ ನಡೆದಿದೆ.

ಅಣ್ಣನು ತಮ್ಮನಿಗೆ ಕೊಟ್ಟನೆನ್ನಲಾದ ನರಸಿಂಹ ಸಂಪುಟವನ್ನು ಮಠದವರು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಬಲಾತ್ಕಾರದಿಂದ ತೆರೆಯಲೆಳಸಿದ ಬಲ್ಲಾಳ ಅರಸನೊಬ್ಬನು ಮೈಯುರಿಯಿಂದ ನರಳಿದನೆಂಬ ಐತಿಹ್ಯವಿದೆ. ಆ ಸಂಪುಟವು ಮುಚ್ಚಿದಂತೆಯೇ ಪೂಜೆಗೊಳ್ಳುತ್ತದೆ.