ಟೌನ್‌ಹಾಲ್ ಮೇಲಿನ ಹೆಸರು: ಕುದ್ಮುಲ್ ರಂಗರಾಯರು

ಹೋದ ಸೆಮಿಸ್ಟರ್ ನಮ್ಮ ಕಾಲೇಜಿನಲ್ಲಿ ಆಯಿಲ್ ಆಂಡ್ ಗ್ಯಾಸ್ ಕೆಲಸಗಳ ಬಗ್ಗೆ ಸೆಮಿನಾರ್ ಇತ್ತು. ಡೈವರ್ಸಿಟಿ, ಇನ್‌ಕ್ಲೂಷನ್ ಅಂತ ನಾಲ್ಕೈದು ಸ್ಲೈಡ್ ತೋರಿಸಿದ್ರು. ಜಾತಿ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ನಮ್ಮೂರು ವನದುರ್ಗ, ಶಹಾಪುರದ ಹತ್ತಿರ. ನಮ್ಮ ಕಡೆಯಿಂದ ಮಂಗಳೂರಿಗೆ ದುಡಿಯೋಕೆ ಹೋಗೋ ಮಂದಿ ಬಹಳ. ನಮ್ಮ ಕಾಕಾನೂ ಅಲ್ಲೇ ಒಂದು ತೈಲ ಘಟಕದಲ್ಲಿ ಕಾಂಟ್ರಾಕ್ಟರ್ ಕೈಕೆಳಗೆ ಪೈಪಿಗೆ ಪೇಂಟ್ ಹೊಡೀತಾರೆ. ಮಂಗಳೂರು ಟೌನ್‌ಹಾಲ್ ಮೇಲೆ ಕುದ್ಮುಲ್ ರಂಗರಾವ್ ಅಂತ ಬರೆದದ್ದಲ್ಲ, ಯಾರಪ್ಪಾ ಅವರು ಅಂತ ನನ್ನ ಕೇಳಿದ್ದು ಅವರೇ. ನನಗೂ ಗೊತ್ತಿರಲಿಲ್ಲ. ಓದಿದೆ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಸಾರಸ್ವತ ಬ್ರಾಹ್ಮಣ ಮನೆಯಲ್ಲಿ. ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರು. ಬೆಂದೂರು ಬಾಬು ಎಂಬ ದಲಿತ ಯುವಕ ಅಷ್ಟಿಷ್ಟು ಓದಿದ್ದ. ಅವನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಗಲಿ ಅಂತ ರಾಯರು ನಿಂತರು. ಬರೀ ಜವಾನನ ಕೆಲಸ! ಅಷ್ಟಕ್ಕೇ ಮೇಲ್ಜಾತಿಯವರು ಎದ್ದುಬಿಟ್ಟರು. ಒಬ್ಬನಿಗೆ ಒಂದು ಕೆಲಸ ಕೊಡಿಸಿದರೆ ಮುಗಿಯಲ್ಲ, ಕೆಲಸದವರೆಗಿನ ದಾರಿಯನ್ನೇ ಮಾಡಬೇಕು ಅಂತ ಅವರಿಗೆ ಅನಿಸಿರಬೇಕು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಪಾಠ ಹೇಳೋಕೆ ಮೇಲ್ಜಾತಿ ಮೇಷ್ಟ್ರು ಬರಲಿಲ್ಲ, ಕ್ರೈಸ್ತ ಮೇಷ್ಟ್ರು ಬಂದರು. ಸ್ವಂತ ಜಾತಿಯವರು ರಾಯರಿಗೇ ಬಹಿಷ್ಕಾರ ಹಾಕಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ನನಗೆ ಇಷ್ಟವಾಗಿದ್ದು ಇಲ್ಲಿ: ಅಕ್ಷರದ ಜೊತೆಗೆ ಮಗ್ಗ, ಬಡಗಿ ಕೆಲಸವನ್ನೂ ಕಲಿಸಿದರು. ಇವತ್ತಿನ ಐಟಿಐ ಥರ ಅನ್ನಬಹುದೇನೋ.

ಸುಧಾರಣೆ ಬರೀ ಊರಿಗೆ ಹೇಳೋದಾಗಿರಲಿಲ್ಲ. 1912ರಲ್ಲಿ ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ ಪಿ. ಸುಬ್ಬರಾಯನ್‌ಗೆ ಕೊಟ್ಟು ಮದುವೆ ಮಾಡಿದರು. ಅಳಿಯ ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ. ರಾಯರು ಕೊನೆಗಾಲದಲ್ಲಿ ಸನ್ಯಾಸ ತಗೊಂಡು, 1928ರ ಜನವರಿ 30ರಂದು ತೀರಿಕೊಂಡರು. ಪೌರಕಾರ್ಮಿಕರೇ ತಮ್ಮ ಹೆಣ ಹೊರಬೇಕು ಅಂತ ಮೊದಲೇ ಹೇಳಿಟ್ಟಿದ್ದರು, ಹಾಗೇ ಆಯಿತು.

ಅವರದ್ದು ಇನ್ನೊಂದು ಆಸೆ ಇತ್ತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗು ಸರ್ಕಾರಿ ಕೆಲಸಕ್ಕೆ ಸೇರಿ, ಕಾರಿನಲ್ಲಿ ಊರ ಬೀದಿಗೆ ಬರಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಅಂತ.

ಕಾಕಾಗೆ ಫೋನಿನಲ್ಲಿ ಇಷ್ಟೂ ಹೇಳಿದೆ. ಸಮಾಧಿ ನಂದಿಗುಡ್ಡೆಯಲ್ಲಿದೆ ಅಂದೆ. ಭಾನುವಾರ ಸುಟ್ಟಿ ಸಿಕ್ಕರೆ ನೋಡಿ ಬರ್ತೀನಿ ಅಂದ್ರು.