ಉಸಿರು ಕಾಯಲು ಕಲಿಸಿದ ಡಾಕ್ಟರ್ ಎಡ್ವರ್ಡ್ ಲಾರಿ

ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ ಇದೆಲ್ಲ ನಿಜಾಮರ ಸೀಮೆ. ಆಗ ಸಂಸ್ಥಾನದ ದೊಡ್ಡ ದವಾಖಾನೆಗಳಲ್ಲಿ ಹೈದರಾಬಾದಿನ ಅಫ್ಜಲ್‌ಗಂಜ್ ದವಾಖಾನೆ ಒಂದು. ರೋಗಿಗೆ ಪ್ರಜ್ಞೆ ತಪ್ಪಿಸುವ ಔಷಧದ ಬಗ್ಗೆ ಹೈದರಾಬಾದಿನಲ್ಲಿ ನಡೆದ ಪರೀಕ್ಷೆ ಲಂಡನ್ನಿನ ಡಾಕ್ಟರರನ್ನೇ ಇಲ್ಲಿಗೆ ಕರೆಸಿಕೊಂಡಿತು. ಅದನ್ನು ನಡೆಸಿದವರು ಡಾಕ್ಟರ್ ಎಡ್ವರ್ಡ್ ಲಾರಿ.

ಲಾರಿಯವರು ಹುಟ್ಟಿದ್ದು 1846ರಲ್ಲಿ. ಮರುವರ್ಷವೇ ಎಡಿನ್‌ಬರೋದಲ್ಲಿ ಸಿಂಪ್ಸನ್ ಎಂಬ ವೈದ್ಯರು ಕ್ಲೋರೋಫಾರ್ಮ್ ಬಳಕೆಗೆ ತಂದರು. ಅರಿವಳಿಕೆ ಬರುವ ಮೊದಲು ಕೈಕಾಲು ಕತ್ತರಿಸುವಾಗಲೂ ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಿತ್ತು. ಕ್ಲೋರೋಫಾರ್ಮ್ ಆ ಸಂಕಟ ತಪ್ಪಿಸಿತು. ಆದರೆ ಗಟ್ಟಿಮುಟ್ಟಾದ ಕೆಲವರು ಆಪರೇಷನ್ ಶುರುವಾಗುವ ಮೊದಲೇ ಸತ್ತುಹೋಗುತ್ತಿದ್ದರು. ಯಾಕೆ ಅಂತ ಯಾರಿಗೂ ಸರಿಯಾಗಿ ತಿಳಿಯದು. ಎದೆಬಡಿತ ನಿಲ್ಲುವುದೇ ಕಾರಣ ಅಂತ ಲಂಡನ್ನಿನವರ ವಾದ. ಮೊದಲು ನಿಲ್ಲುವುದು ಉಸಿರು, ನಾಡಿ ಹಿಡಿಯದೆ ಉಸಿರು ನೋಡಬೇಕು ಅಂತ ಎಡಿನ್‌ಬರೋದ ಸೈಮ್ ಅವರ ಪಾಠ. ಲಾರಿ ಇದೇ ಸೈಮ್ ಅವರ ಶಿಷ್ಯರು.

1885ರ ಸುಮಾರಿಗೆ ರೆಸಿಡೆನ್ಸಿ ಸರ್ಜನ್ ಆಗಿ ಹೈದರಾಬಾದಿಗೆ ಬಂದ ಅವರು ಮೆಡಿಕಲ್ ಸ್ಕೂಲನ್ನೂ ನೋಡಿಕೊಂಡರು. ಗುರು ಹೇಳಿದ್ದನ್ನೇ ಇಲ್ಲಿಯ ಹುಡುಗರಿಗೂ ಕಲಿಸಿದರು. ರೋಗಿಯನ್ನು ಮಲಗಿಸಿ, ಬಟ್ಟೆಯ ಮೇಲೆ ಔಷಧ ಹಾಕಿ ಮೂಗಿನ ಹತ್ತಿರ ಹಿಡಿಯುವುದು, ಉಸಿರಿನ ಮೇಲಿನ ಕಣ್ಣು ಕದಲಿಸದಿರುವುದು. ಅವರ ಶಿಷ್ಯೆ ರೂಪಾಬಾಯಿ ಫರ್ದೂಂಜಿ 1889ರಲ್ಲಿ ಪಾಸಾಗಿ, ಪ್ರಪಂಚದ ಮೊಟ್ಟಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರೆನಿಸಿದರು.

1888ರಲ್ಲಿ ಲಾರಿಯವರು ಒಂದು ಕಮಿಷನ್ ಮಾಡಿಸಿ, ಬೀದಿನಾಯಿಗಳ ಮೇಲೆ ಪರೀಕ್ಷೆ ನಡೆಸಿದರು. ಪ್ರತಿ ಸಲವೂ ಉಸಿರೇ ಮೊದಲು ನಿಂತಿತೆಂದು ವರದಿಯಾಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಸಾವಿರ ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ನೋಡಿಕೊಳ್ಳಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ಹೆಸರಾಂತ ಔಷಧ ವಿಜ್ಞಾನಿ ಬಂದರು. ಮತ್ತೆ ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯಿತು. ಲಾರಿಯವರ ಮಾತನ್ನು ನಂಬದೆ ಬಂದಿದ್ದ ಬ್ರಂಟನ್ ಕೊನೆಗೆ ಅದನ್ನೇ ಒಪ್ಪಿದರು. ಹೈದರಾಬಾದಿನ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಯಿತು.

ಹಾಗಾದರೆ ಲಾರಿ ಗೆದ್ದರೇ? ಪೂರ್ತಿ ಇಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬುವರು ಬೆಕ್ಕುಗಳ ಮೇಲಿನ ಪರೀಕ್ಷೆಯಿಂದ ಇನ್ನೊಂದು ಮಗ್ಗಲು ತೋರಿಸಿದರು. ಔಷಧ ಅರೆಬರೆ ಏರಿದಾಗ ಅಡ್ರಿನಾಲಿನ್ ರಸ ರಕ್ತಕ್ಕೆ ಸೇರಿದರೆ, ಹೃದಯ ಬಡಿಯುವುದು ಬಿಟ್ಟು ಬರೀ ನಡುಗಿ ನಿಂತುಬಿಡುತ್ತದೆ. ಹೆದರಿದ ಮನುಷ್ಯನ ಮೈಯಲ್ಲಿ ಉಕ್ಕುವುದೂ ಇದೇ ರಸ. ಅಂದರೆ ಔಷಧ ಹೆಚ್ಚಾದರೆ ಉಸಿರು ನಿಲ್ಲುತ್ತದೆ ಎಂಬ ಲಾರಿಯವರ ಮಾತು ನಿಜ. ಎದೆಗೆ ಅಪಾಯವೇ ಇಲ್ಲ ಎಂಬುದು ತಪ್ಪು. ಪರೀಕ್ಷೆ ನೂರಾರು ಮಾಡಿದರೂ, ನಾಡಿ ನೋಡಬೇಕಿಲ್ಲ ಎಂಬ ಗುರುವಿನ ಮಾತನ್ನು ಅವರು ಬಿಡಲಿಲ್ಲ. ಅವರು ತೀರಿಕೊಂಡದ್ದು 1915ರಲ್ಲಿ.

ಇಂತಹ ಔಷಧ ಮಿದುಳಿನಲ್ಲಿ ಏನು ಮಾಡುತ್ತದೆಂಬುದು ಅವರ ಕಾಲಕ್ಕೆ ತಿಳಿದಿರಲಿಲ್ಲ. ಮಿದುಳಿನ ನರಕೋಶಗಳ ಮೇಲೆ ರಿಸೆಪ್ಟರ್ ಎಂಬ ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಗಾಬಾ ಎಂಬ ಜಾತಿಯವು ಕೋಶವನ್ನು ಶಾಂತ ಮಾಡುವಂಥವು. ಅರಿವಳಿಕೆಯ ಹಲವು ಔಷಧಗಳು ಈ ಬಾಗಿಲನ್ನು ಇನ್ನಷ್ಟು ಹೊತ್ತು ತೆರೆದಿಡುತ್ತವೆ, ಎಚ್ಚರ ಮಾಯವಾಗುತ್ತದೆ. ಪ್ರಮಾಣ ಮೀರಿದರೆ ಉಸಿರಾಟ ನಡೆಸುವ ಮಿದುಳಿನ ಬುಡವೂ ಮಂಕಾಗುತ್ತದೆ.

ಕ್ಲೋರೋಫಾರ್ಮ್ ಆಪರೇಷನ್ ಕೋಣೆಯಿಂದ ಹೋಗಿ ಬಹಳ ವರ್ಷವಾಯಿತು. ಈಗ ಉಸಿರು, ಎದೆಬಡಿತ, ರಕ್ತದಲ್ಲಿಯ ಆಮ್ಲಜನಕ ಎಲ್ಲವನ್ನೂ ಮಷೀನು ಕಾಯುತ್ತದೆ. ಆದರೂ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರರು ಬಂದು, ದಮ್ಮು ಇದೆಯಾ, ಎದೆರೋಗ ಇದೆಯಾ, ಯಾವ ಗುಳಿಗೆ ನುಂಗ್ತೀರಿ ಅಂತ ಕೇಳ್ತಾರೆ. ಬೀಡಿ, ಸೇಂದಿ ಚಟವಿದ್ದರೂ ಮುಚ್ಚಿಡದೆ ಹೇಳಿಬಿಡಬೇಕು. ಅವರು ಕಾಯಬೇಕಾದದ್ದು ಉಸಿರು, ಎದೆ ಎರಡನ್ನೂ.